ಕೊರೊನಾ ಕಾಲದಲ್ಲಿ ಹೋಗಲಾಗದ ಮನೆಗೆ ಈಗ ಹೋಗುವುದು ಹೇಗೆ?

ಹುಲೇಕಲ್ ಕಡೆಯವಳು, ಶಿರಸಿ (ಫೆಬ್ರವರಿ 2022)

2020ರಲ್ಲಿ ಮಾರಿಕಾಂಬೆ ಜಾತ್ರೆ ಮುಗಿದು ಪೇಟೆಯ ಗದ್ದಲ ಇಳಿಯುವಷ್ಟರಲ್ಲಿ ಲಾಕ್‌ಡೌನ್ ಬಂತು. ಎರಡು ವರ್ಷಕ್ಕೊಮ್ಮೆ ಆಗುವ ಜಾತ್ರೆ, ಬರುವ ತಿಂಗಳು ಮತ್ತೆ ಇದೆ. ಬಸ್ಸು ಓಡುತ್ತಿದೆ, ಶಾಲೆ ಶುರುವಾಗಿದೆ, ಅಡಿಕೆ ವ್ಯಾಪಾರವೂ ನಡೆದಿದೆ. ನಮ್ಮ ಆಯಿ (ಅಮ್ಮ) ಮಾತ್ರ ಮನೆ ಬಿಟ್ಟು ಹೊರಡುವುದಿಲ್ಲ.

ಮೊದಲು ಹೀಗಿರಲಿಲ್ಲ. ಕೊನೆಕೊಯ್ಲಿನ ಕಾಲದಲ್ಲಿ ಸಂಜೆಯಾದರೆ ಅಡಿಕೆ ಸುಲಿಯಲು ಆಚೆಕೇರಿಗೆ ಹೋಗುತ್ತಿದ್ದಳು. ನಮ್ಮ ಮನೆಗೆ ಬಂದವರಿಗೂ ಬೆಲ್ಲ ನೀರು, ಆಮೇಲೆ ಕವಳದ ತಬಕು. ಎಲೆಗೆ ಸುಣ್ಣ ಹಚ್ಚುತ್ತಾ ಕೂತರೆ ಊರ ಸುದ್ದಿಯೆಲ್ಲ ಆಗುತ್ತಿತ್ತು. ಎಲ್ಲರ ಕೈ ತಾಗುತ್ತದೆ ಅಂತ ಆ ತಬಕನ್ನು ಒಳಗಿಟ್ಟವಳು ಇನ್ನೂ ಹೊರಗೆ ತಂದಿಲ್ಲ.

ಹೆದರಿಕೆ ಇದೆ, ನಿಜ. ಆದರೆ ಅದೊಂದೇ ಅಲ್ಲ. ಕಳೆದ ಮೇ ತಿಂಗಳು, ಎರಡನೇ ಅಲೆಯಲ್ಲಿ ಆಚೆಕೇರಿ ಅತ್ತೆ ತೀರಿಕೊಂಡರು. ಆಯಿಯ ಜೀವದ ಗೆಳತಿ. ಮುಖ ನೋಡಲಾಗಲಿಲ್ಲ. ಹದಿಮೂರನೇ ದಿನದ ಊಟಕ್ಕೂ ಯಾರನ್ನೂ ಕರೆಯುವ ಹಾಗಿರಲಿಲ್ಲ. "ಆಗ ಹೋಗಿಲ್ಲ, ಈಗ ಯಾವ ಮುಖ ಇಟ್ಟುಕೊಂಡು ಹೋಗಲಿ?" ಅನ್ನುತ್ತಾಳೆ. ಆ ಒಂದು ಮನೆಗೆ ಹೋಗಿಲ್ಲ ಅಂತ ಆ ಕೇರಿಯ ಯಾವ ಮನೆಗೂ ಹೋಗುವುದಿಲ್ಲ. ನಿಮ್ಮ ಕಡೆ ಇಂಥದ್ದನ್ನು ಹೇಗೆ ಸರಿ ಮಾಡಿಕೊಂಡಿರಿ? ಸುಮ್ನೆ ಧೈರ್ಯ ಹೇಳಿದರೆ ಆಗುತ್ತಿಲ್ಲ.

ಕಾರವಾರದ ಹುಡುಗಿ

ನನ್ನ ಅಮ್ಮ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುವವಳು. 2020ರಲ್ಲಿ ಲಾಕ್‌ಡೌನಿನಿಂದ ಬೋಟು ನಿಂತು ನಷ್ಟ ಆಯ್ತು ಅಂತ ಮಳೆಗಾಲದ ನಿಷೇಧವನ್ನೇ 61 ದಿನದಿಂದ 47ಕ್ಕೆ ಇಳಿಸಿದ್ದರು. ಬೋಟು ಹೊರಟಿತು, ಮೀನು ಬಂತು, ಗಿರಾಕಿಗಳು ಮಾತ್ರ ಗೇಟಿನೊಳಗೆ ಬಿಡಲಿಲ್ಲ. ಕಟ್ಟೆ ಮೇಲೆ ಪಾತ್ರೆ, ಅದರಲ್ಲೇ ದುಡ್ಡು, ಬಾಗಿಲ ಹಿಂದಿನಿಂದ ಮಾತು. ಅಮ್ಮ ತುಂಬಾ ನೊಂದುಕೊಂಡಿದ್ದಳು.

ಈ ದೀಪಾವಳಿ ಕಳೆದ ಮೇಲೆ ಅದೇ ಗಿರಾಕಿಗಳಲ್ಲಿ ಒಬ್ಬರು ಹೊರಗೆ ಬಂದು ಬುಟ್ಟಿ ಮುಂದೆ ಕುಕ್ಕರಗಾಲಲ್ಲಿ ಕೂತರು. ಬಂಗಡೆಯ ಕಿವಿರು ಎತ್ತಿ ನೋಡಿ, "ಇದು ನಿನ್ನೆಯದು ಅಲ್ವಾ?" ಅಂತ ಚೌಕಾಸಿ ಶುರು ಮಾಡಿದರು. ಗೇಟಿನ ವಿಷಯ ಇಬ್ಬರೂ ಎತ್ತಲಿಲ್ಲ. ಅಮ್ಮ ರಾತ್ರಿ ಊಟ ಮಾಡುವಾಗ ಅದನ್ನೇ ಹೇಳಿದ್ದು.

ಅಕ್ಕಾ, ತಪ್ಪಾಯ್ತು ಅನ್ನಲೆಂದೇ ಹೊರಟರೆ ಕಾಲು ಏಳುವುದಿಲ್ಲ. ಏನಾದರೂ ಕೆಲಸ ಹಚ್ಚಿ ಕಳಿಸಿ. ನಿಮ್ಮ ಕಡೆ ಈಗ ಉಪ್ಪಿನಕಾಯಿಯ ಅಪ್ಪೆಮಿಡಿ ಕಾಲ ಬೇರೆ.

ಕುಮಟಾದ ನಿವೃತ್ತ ಮಾಸ್ತರ

ತಂಗಿ, ನಾನು ಆ ಮನೆಯವರ ಜಾಗದಲ್ಲಿ ಇರುವವನು. ನನ್ನ ಹೆಂಡತಿ ಹೋಗಿದ್ದೂ ಅದೇ ಮೇ ತಿಂಗಳಲ್ಲಿ, ತೌಕ್ತೆ ಚಂಡಮಾರುತದ ಮಳೆ ಹೊಯ್ಯುವಾಗ. ಪಿಪಿಇ ಕಿಟ್ ಹಾಕಿದ ಹುಡುಗರೇ ಎಲ್ಲ ಮುಗಿಸಿದರು. ಯಾರೂ ಬರಲಿಲ್ಲ ಅಂತ ನನಗೆ ಸಿಟ್ಟಿಲ್ಲ. ಬರುವ ಹಾಗೇ ಇರಲಿಲ್ಲ.

ನೋವಾಗುವುದು ಈಗ. ಪೇಟೆಯಲ್ಲಿ ಸಿಕ್ಕವರು ಮಗನ ನೌಕರಿ, ಲಸಿಕೆ, ಸೆಕೆ ಎಲ್ಲ ಮಾತಾಡುತ್ತಾರೆ. ಅವಳ ಹೆಸರು ಮಾತ್ರ ಎತ್ತುವುದಿಲ್ಲ. ನನಗೆ ದುಃಖ ಆಗುತ್ತದೆ ಅಂತ ಇರಬೇಕು. ಎತ್ತದಿದ್ದರೇ ಜಾಸ್ತಿ ಆಗುತ್ತದೆ.

ನಿನ್ನ ಆಯಿ ಹೋಗಲಿ. ತಡ ಯಾಕಾಯಿತು ಅಂತ ಹೇಳುತ್ತ ಕೂರುವುದು ಬೇಡ. ಗೆಳತಿಯ ಬಗ್ಗೆ ಆ ಮಕ್ಕಳಿಗೆ ಗೊತ್ತಿಲ್ಲದ್ದು ಏನಾದರೂ ಇವಳಿಗೆ ಗೊತ್ತಿರುತ್ತದೆ. ಅದನ್ನು ಹೇಳಲಿ. ವರ್ಷಾಂತಿಕದವರೆಗೆ ಕಾಯಬೇಡಿ.

ಹುಲೇಕಲ್ ಕಡೆಯವಳು

ಮಾಸ್ತರೇ, ಆಯಿಗೆ ಓದಿ ಹೇಳಿದೆ. ಏನೂ ಅನ್ನಲಿಲ್ಲ, ಇನ್ನೊಂದು ಸಲ ಓದಿಸಿದಳು. ಅವಳಿಗೆ 68, ಸಕ್ಕರೆ ಕಾಯಿಲೆ ಇದೆ. ಎರಡನೇ ಡೋಸ್ ಆಗಿದ್ದು ಕಳೆದ ಏಪ್ರಿಲ್ ಕೊನೆಗೆ. ಜಾತ್ರೆಗೆ ಕರೆದುಕೊಂಡು ಹೋಗಬಹುದಾ?

ಆಶಾ ಕಾರ್ಯಕರ್ತೆ, ಹೊನ್ನಾವರ

60 ದಾಟಿ ಬೇರೆ ಕಾಯಿಲೆ ಇರುವವರಿಗೆ ಜನವರಿ 10ರಿಂದಲೇ ಮುನ್ನೆಚ್ಚರಿಕೆ ಡೋಸ್, ಅಂದರೆ ಮೂರನೇ ಡೋಸ್ ಕೊಡುತ್ತಿದ್ದಾರೆ. ಎರಡನೇ ಡೋಸ್ ಆಗಿ 9 ತಿಂಗಳಾಗಿರಬೇಕು, ಇವರದ್ದು ಆಗಿದೆ. ಮನೆಗಳಿಗೆ ಧಾರಾಳ ಹೋಗಲಿ, ಜಗಲಿಯಲ್ಲೋ ಅಂಗಳದಲ್ಲೋ ಕೂರಲಿ. ಈ ರೋಗ ಹರಡುವುದು ಮುಚ್ಚಿದ ಕೋಣೆಯ ಗಾಳಿಯಲ್ಲೇ ಜಾಸ್ತಿ. ಜಾತ್ರೆಯಲ್ಲಿ ರಥದ ದಿನದ ನೂಕುನುಗ್ಗಲು ಬೇಡ. ದೇವಿ ಬಿಡಕಿಬೈಲಿನ ಗದ್ದುಗೆಯಲ್ಲಿ ಕೂತ ಮೇಲೆ ಬೆಳಗಿನ ಹೊತ್ತು ಮಾಸ್ಕ್ ಹಾಕಿಸಿ ಕರೆದುಕೊಂಡು ಹೋಗಿ. ಲಸಿಕೆ ಮೈಗೆ ಹಿಡಿಯಲು ಎರಡು ವಾರ ಬೇಕು, ಹಾಗಾಗಿ ಈ ವಾರವೇ ಆರೋಗ್ಯ ಕೇಂದ್ರಕ್ಕೆ ಹೋಗಿ. ಆಧಾರ್ ಅಥವಾ ಬೇರೆ ಗುರುತಿನ ಚೀಟಿ, ಹಿಂದೆ ಕೊಟ್ಟಿದ್ದ ಫೋನ್ ನಂಬರ್ ಎರಡೂ ಇರಲಿ.