‘ನವೀಕರಣ’ ಒಂದೇ ಪದ, ಕೆಲಸ ಮಾತ್ರ ಮೂರು

ಕಂಪ್ಯೂಟರಿನಲ್ಲಿ ಇದ್ದದ್ದನ್ನೇ ಸರಿಪಡಿಸುವ ಅಪ್‌ಡೇಟ್, ಮುಂದಿನ ಆವೃತ್ತಿಗೆ ಹೋಗುವ ಅಪ್‌ಗ್ರೇಡ್ ಎರಡಕ್ಕೂ ನಾವು ‘ನವೀಕರಣ’ ಎಂದೇ ಬರೆಯುತ್ತೇವೆ. ಇದ್ದದ್ದನ್ನೆಲ್ಲ ಅಳಿಸಿ ಹೊಸದಾಗಿ ಹಾಕುವುದೂ ಸುಮ್ನೆ ಅದರೊಳಗೇ ಸೇರಿಹೋಗುತ್ತದೆ. ಮೂರಕ್ಕೂ ಬೇರೆ ಬೇರೆ ಕನ್ನಡ ಮಾತು ಏನಿದೆ? ಇದು ನನಗೆ ಬರೀ ಪದದ ಪ್ರಶ್ನೆಯಲ್ಲ.

ನಮ್ಮದು ಸಕಲೇಶಪುರದ ಹತ್ತಿರ ತೋಟದ ಮನೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತಲ್ವಾ, ಆಮೇಲೆ ಅಪ್ಪ ಕಂಪ್ಯೂಟರನ್ನು ಹಾಸನದ ಒಂದು ಅಂಗಡಿಗೆ ಒಯ್ದರು. “ಹೊಸ ವಿಂಡೋಸ್ ಹಾಕ್ಕೊಡಪ್ಪ” ಅಂದರು. “ಫಾರ್ಮ್ಯಾಟ್ ಹೊಡೀಬೇಕಾಗುತ್ತೆ ಅಂಕಲ್” ಅಂದ ಹುಡುಗ. “ಏನು ಬೇಕೋ ಹೊಡಿಯಪ್ಪ” ಅಂದುಬಿಟ್ಟರು. ಧೂಳು ಹೊಡಿ, ಸುಣ್ಣ ಹೊಡಿ ಅನ್ನುವ ಹಾಗೆ ಇದೂ ಏನೋ ಶುಚಿ ಮಾಡುವ ಕೆಲಸ ಎಂದುಕೊಂಡಿದ್ದರು. ಫಾರ್ಮ್ಯಾಟ್ ಅಂದರೆ ಆ ಡ್ರೈವ್‌ನಲ್ಲಿರುವುದೆಲ್ಲ ಅಳಿಸಿಹೋಗುವುದು ಎಂದು ಗೊತ್ತಿರಲಿಲ್ಲ.

ಹೋದದ್ದು ಮಳೆ ಲೆಕ್ಕ. ದಿನಾ ಬೆಳಿಗ್ಗೆ ಮಳೆ ಅಳೆದು, ಇಷ್ಟು ಇಂಚು, ಇಷ್ಟು ಸೆಂಟು ಎಂದು ಒಂಬತ್ತು ವರ್ಷ ಬರೆದಿಟ್ಟ ಫೈಲು. ಅದು ಡೆಸ್ಕ್‌ಟಾಪ್ ಮೇಲಿತ್ತು. ಡೆಸ್ಕ್‌ಟಾಪ್ ಮೇಲಿನದು ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲೇ ಇರುತ್ತದೆ. ಫಾರ್ಮ್ಯಾಟ್ ಆಗುವುದೂ ಅದೇ. ಡಿ ಡ್ರೈವ್‌ನಲ್ಲಿದ್ದ ಹಳೆಯ ಫೋಟೊಗಳಿಗೆ ಏನೂ ಆಗಿಲ್ಲ.

ಅಳಿಸಲೇಬೇಕು ಅಂತೇನೂ ಇರಲಿಲ್ಲ. ವಿಂಡೋಸ್ 11ಕ್ಕೆ ಬೇಕಾದ ಟಿಪಿಎಂ 2.0 ಎಂಬ ಭದ್ರತೆಯ ಭಾಗ ನಮ್ಮ ಯಂತ್ರದಲ್ಲಿತ್ತು. ಹಳೆಯ ವಿಂಡೋಸ್ ಓಡುತ್ತಿರುವಾಗಲೇ ಸೆಟಪ್ ಶುರು ಮಾಡಿದರೆ, ಫೈಲು ಮತ್ತು ಆಪ್ ಎರಡನ್ನೂ ಉಳಿಸಲಾ, ಫೈಲು ಮಾತ್ರ ಉಳಿಸಲಾ, ಏನೂ ಬೇಡವಾ ಎಂದು ಅದೇ ಕೇಳುತ್ತದೆ. ಪೆನ್‌ಡ್ರೈವ್‌ನಿಂದಲೇ ಕಂಪ್ಯೂಟರ್ ಶುರು (ಬೂಟ್) ಮಾಡಿದರೆ ಈ ಅನುಕೂಲ ಸಿಗುವುದಿಲ್ಲ.

ಈಗ ಪದಕ್ಕೆ ಬರುತ್ತೇನೆ. ಲೈಸೆನ್ಸ್ ನವೀಕರಣ ಅಂದರೆ ಅದೇ ಲೈಸೆನ್ಸಿನ ಅವಧಿ ಮುಂದಕ್ಕೆ ಹೋಗುತ್ತದೆ. ಕಟ್ಟಡದ ನವೀಕರಣ ಅಂದರೆ ರೂಪವೇ ಬದಲಾಗಬಹುದು. ವಿಂಡೋಸ್‌ನ ಹಾಗೆ ಇನ್ನೊಂದು ಆಪರೇಟಿಂಗ್ ಸಿಸ್ಟಂ ಆದ ಉಬುಂಟುವಿನಲ್ಲಿ ‘ಆಪ್ಟ್ ಅಪ್‌ಡೇಟ್’ ಎಂದು ಆಜ್ಞೆ ಕೊಟ್ಟರೆ ತಂತ್ರಾಂಶಗಳ ಪಟ್ಟಿಯನ್ನಷ್ಟೇ ಹೊಸದು ಮಾಡುತ್ತದೆ, ‘ಆಪ್ಟ್ ಅಪ್‌ಗ್ರೇಡ್’ ಎಂದಾಗಲೇ ತಂತ್ರಾಂಶ ಬದಲಾಗುವುದು. ಎರಡನ್ನೂ ನವೀಕರಣ ಅಂದರೆ ಕಲಿಯುವವರಿಗೆ ಏನು ತಿಳಿಯಬೇಕು? ‘ಮೇಲ್ದರ್ಜೆಗೇರಿಸು’ ಎಂಬುದು ಆಸ್ಪತ್ರೆಯ ಸುದ್ದಿಗೆ ಸರಿ, ಅಂಗಡಿಯಲ್ಲಿ ನಿಂತು ಯಾರೂ ಹೇಳುವ ಮಾತಲ್ಲ. ‘ಅಳಿಸಿ ಹಾಕು’ ಇನ್ನೂ ಕಷ್ಟ. ಅಳಿಸಿ, ಆಮೇಲೆ ಹೊಸದನ್ನು ಹಾಕು ಎಂದು ನಾವು ಹೇಳಹೊರಟರೆ, ಕೇಳುವವರಿಗೆ ಪೂರ್ತಿ ಅಳಿಸು ಎಂದಷ್ಟೇ ಕೇಳಿಸುತ್ತದೆ.

ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುತ್ತಾರೆ. ಒಡೆದ ಹೆಂಚು ತೆಗೆದು ಬೇರೆ ಇಡುತ್ತಾರೆ, ಮಾಡು ಅದೇ ಇರುತ್ತದೆ. ಅಪ್‌ಡೇಟ್ ಎಂದರೆ ಇದೇ ಅಲ್ವಾ? ಅಪ್‌ಗ್ರೇಡಿಗೆ ‘ಏರಿಸು’ ಸಾಕು: “ಹನ್ನೊಂದಕ್ಕೆ ಏರಿಸಿಕೊಡಿ”. ಮೂರನೆಯದಕ್ಕೆ ನನಗೆ ಹೊಳೆದದ್ದು ‘ಕೆಡವಿ ಕಟ್ಟು’. ಆ ಹುಡುಗ “ಕೆಡವಿ ಕಟ್ಟಬೇಕು ಅಂಕಲ್” ಅಂದಿದ್ದರೆ, “ಒಳಗಿನ ಸಾಮಾನು?” ಎಂದು ಅಪ್ಪ ಖಂಡಿತ ಕೇಳುತ್ತಿದ್ದರು.

ಮೂಡಿಗೆರೆ, ಕೊಪ್ಪದ ಕಡೆಯವರು ‘ಕೈಯಾಡಿಸು’ ಎಂಬುದನ್ನು ಇದೇ ಅರ್ಥದಲ್ಲಿ ಬಳಸುತ್ತೀರಾ? ಬಯಲುಸೀಮೆಯವರಿಗೆ ಅದು ತಿಳಿಯುತ್ತದಾ, ಅಥವಾ ನಿಮ್ಮಲ್ಲಿ ಬೇರೆ ಮಾತಿದೆಯಾ?