ಕರಾರಿನಲ್ಲಿ ನಾಯಿಯ ಸುದ್ದಿಯೇ ಇಲ್ಲ. 15 ದಿನದಲ್ಲಿ ಮನೆ ಬಿಡಿಸಬಹುದೇ?

ಮಹಡಿ ಮನೆ:
ಬೆಂಗಳೂರಿನ ರಾಜಾಜಿನಗರ. ಕೆಳಗೆ ಮಾಲೀಕರು, ಮೇಲೆ ನಾನು ಮತ್ತು ಅಮ್ಮ. ಬಾಡಿಗೆ 16,000, ಅಡ್ವಾನ್ಸ್ ಒಂದೂವರೆ ಲಕ್ಷ. 11 ತಿಂಗಳ ಕರಾರಿನಲ್ಲಿ ಏಳು ತಿಂಗಳು ಕಳೆದಿದೆ.

ನಾವು ಇಲ್ಲಿಗೆ ಬಂದ ಎರಡನೇ ತಿಂಗಳಲ್ಲಿ ರಾಗಿ ಬಂದಳು. ರೇಷನ್ ಅಂಗಡಿಯ ಪಕ್ಕ ಮಳೆಗೆ ನಡುಗುತ್ತಿದ್ದ ಮರಿ. ಬಣ್ಣ ನೋಡಿ ಅಮ್ಮ ಇಟ್ಟ ಹೆಸರು. ಮಾಲೀಕರನ್ನು ಕೇಳಿದೆನೇ ಎಂದರೆ, ಇಲ್ಲ. ಮೆಟ್ಟಿಲ ಮೇಲೆ ಎದುರಾದಾಗ "ಮರಿ ಮುದ್ದಾಗಿದೆ" ಎಂದರು. ಅದನ್ನೇ ಒಪ್ಪಿಗೆ ಎಂದುಕೊಂಡೆ.

ಈಗ ರಾಗಿ ಮರಿಯಲ್ಲ. ಬೆಳಿಗ್ಗೆ ಐದೂವರೆಗೆ ಹಾಲಿನವನು ಬಂದದ್ದನ್ನು ಇಡೀ ಬೀದಿಗೆ ತಿಳಿಸುತ್ತಾಳೆ. ಕಳೆದ ಶುಕ್ರವಾರ ಮಾಲೀಕರ ಹೆಂಡತಿ ಆಗಷ್ಟೇ ಹಾಕಿ ಮುಗಿಸಿದ್ದ ರಂಗೋಲಿಯ ಮೇಲೆ ನಾಲ್ಕೂ ಕಾಲು ಊರಿಕೊಂಡು ನಡೆದಳು. ಸಂಜೆ ಮಾಲೀಕರು ಮೇಲೆ ಬಂದರು. "ನಾಯಿಯನ್ನು ಎಲ್ಲಾದರೂ ಬಿಟ್ಟು ಬನ್ನಿ. ಆಗದಿದ್ದರೆ 15 ದಿನದಲ್ಲಿ ಮನೆ ಖಾಲಿ ಮಾಡಿ. ಕಾನೂನಿನಲ್ಲಿರುವುದೇ 15 ದಿನ" ಎಂದರು.

ಕರಾರಿನಲ್ಲಿ ಪ್ರಾಣಿಗಳ ಬಗ್ಗೆ ಒಂದು ಸಾಲೂ ಇಲ್ಲ. ಅಮ್ಮನಿಗೆ ಕಿವಿ ಮಂದ. ನಾನು ಶಾಲೆಗೆ ಪಾಠ ಮಾಡಲು ಹೋದ ಮೇಲೆ ಯಾರಾದರೂ ಬಾಗಿಲು ತಟ್ಟಿದರೆ ರಾಗಿಯೇ ಹೋಗಿ ಸೆರಗು ಎಳೆಯಬೇಕು. ಆ 15 ದಿನದ ಮಾತು ನಿಜವೇ?

ಬಾಲದ ಬಂಧು:
ಹೆದರಬೇಡಿ ಮೇಡಂ. ಸಾಕುನಾಯಿಯನ್ನು ಯಾರೂ ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಅದರ ಪ್ರತಿ ತೆಗೆಸಿ ಅವರ ಬಾಗಿಲಿಗೇ ಅಂಟಿಸಿ!

ಕಪ್ಪು ಕೋಟು:
ದಯವಿಟ್ಟು ಏನನ್ನೂ ಅಂಟಿಸಬೇಡಿ. ಆ ಮಾರ್ಗಸೂಚಿ ಅಪಾರ್ಟ್‌ಮೆಂಟ್ ಮತ್ತು ನಿವಾಸಿಗಳ ಸಂಘಗಳಿಗೆ ಹೇಳಿದ್ದು: ಬಹುಮತವಿದ್ದರೂ ನಾಯಿ ಸಾಕುವುದನ್ನು ನಿಷೇಧಿಸಬೇಡಿ, ಬೊಗಳುವುದನ್ನೇ ಕಾರಣವಾಗಿಸಬೇಡಿ ಎಂದು. ತನ್ನ ಮನೆಯ ಮಹಡಿಯನ್ನು ಬಾಡಿಗೆಗೆ ಕೊಟ್ಟವರ ಕೈಯನ್ನು ಅದು ಕಟ್ಟುವುದಿಲ್ಲ. ನೀವು ನೆಚ್ಚಬೇಕಾದದ್ದು ನಿಮ್ಮ ಕರಾರನ್ನು.

15 ದಿನ ಎಂಬುದು ಮಾಲೀಕರು ಹುಟ್ಟಿಸಿಕೊಂಡ ಮಾತೂ ಅಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಂನಲ್ಲಿ ತಿಂಗಳ ಬಾಡಿಗೆಗೆ ಅಷ್ಟೇ ನೋಟಿಸ್ ಇದೆ. ಆದರೆ ಬೇರೆ ಕರಾರು ಇಲ್ಲದಿದ್ದಾಗ ಮಾತ್ರ. ಅದು ಆ ಕಲಂನ ಮೊದಲ ಮಾತೇ. ಅರ್ಧ ಓದಿದವರು ಅಲ್ಲಿಂದ ಮುಂದಕ್ಕೆ ಓದಿರುತ್ತಾರೆ. ನಿಮ್ಮ ಪತ್ರದಲ್ಲಿ ನೋಟಿಸ್ ಅವಧಿ ಎಷ್ಟಿದೆ ನೋಡಿ, ಅದೇ ಲೆಕ್ಕ. "ನೆರೆಹೊರೆಗೆ ತೊಂದರೆ ಕೊಡಬಾರದು" ಎಂಬ ಸಾಲಿದೆಯೇ ಎಂದೂ ನೋಡಿ. ಇದ್ದರೆ ಐದೂವರೆಯ ಬೊಗಳು ಅಲ್ಲಿ ಬಂದು ಕೂರುತ್ತದೆ.

1999ರ ಕರ್ನಾಟಕ ಬಾಡಿಗೆ ಕಾಯ್ದೆಯ ಆಸರೆ ನಿಮಗಿಲ್ಲ. ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ದಾಟಿದ ಮನೆಗೆ ಅದು ಅನ್ವಯಿಸುವುದಿಲ್ಲ. ಆದರೂ ನೀವು ಮನೆಯಲ್ಲಿದ್ದೀರಿ ಎಂದಾದರೆ ಅವರು ದಾವೆ ಹೂಡಿಯೇ ಬಿಡಿಸಬೇಕು, ಬೀಗ ಹಾಕುವಂತಿಲ್ಲ. ಹಾಕಿದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಪ್ರಕಾರ ಆರು ತಿಂಗಳೊಳಗೆ ದಾವೆ ಹಾಕಿ ಸ್ವಾಧೀನ ಮರಳಿ ಕೇಳಬಹುದು. 11 ತಿಂಗಳು ಮುಗಿದ ಮೇಲೆ ನವೀಕರಿಸಲೇಬೇಕೆಂದು ಮಾತ್ರ ಕೇಳಲಾಗದು. ಕಾನೂನಿನಿಂದ ನಿಮಗೆ ಸಿಗುವುದು ಮನೆ ಹುಡುಕಲು ಒಂದಿಷ್ಟು ಸಮಯ, ಅಷ್ಟೇ.

"ಎಲ್ಲಾದರೂ ಬಿಟ್ಟು" ಬರುವ ಯೋಚನೆ ಬೇಡ. ಹಸಿವು, ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂನಡಿ ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಮಲ್ಲೇಶ್ವರದಲ್ಲಿ ಆ ದುಡ್ಡಿಗೆ ಮಸಾಲೆ ದೋಸೆಯೂ ಬರುವುದಿಲ್ಲ, ಆದರೂ ಅಪರಾಧ ಅಪರಾಧವೇ.

ಮೈಸೂರು ಮಾಲೀಕ:
ಬಾಡಿಗೆಗೆ ಕೊಡುವವರ ಕಡೆಯಿಂದ ಎರಡು ಮಾತು. ಹಿಂದಿನ ಬಾಡಿಗೆದಾರರ ನಾಯಿ ಕೆರೆದ ತೇಗದ ಬಾಗಿಲಿಗೆ ಪಾಲಿಶ್ ಹಾಕಿಸಿದ ಬಿಲ್ಲನ್ನು ಇನ್ನೂ ಇಟ್ಟುಕೊಂಡಿದ್ದೇನೆ. ಆದರೆ ನನಗೆ ಬಾಗಿಲಿಗಿಂತ ಹೆಚ್ಚು ಉರಿದದ್ದು ಕೇಳದೆ ತಂದದ್ದಕ್ಕೆ. ಹಾನಿಯಾದರೆ ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ಳಿ ಎಂದು ಬರೆದುಕೊಡಿ. ಅಂದಹಾಗೆ, ರಂಗೋಲಿ ಹಾಕಿದವರ ಹತ್ತಿರ ಹೋಗಿ ತಪ್ಪಾಯಿತು ಎಂದಿರಾ?

ಮಹಡಿ ಮನೆ:
ಎಂದಿರಲಿಲ್ಲ. ಕಾನೂನು ಕೇಳುವ ಭರದಲ್ಲಿ ಅದು ಹೊಳೆಯಲೇ ಇಲ್ಲ. ನಿನ್ನೆ ಹೋಗಿದ್ದೆ. ಕಾಫಿ ಕೊಟ್ಟರು. ಸೊಸೆಗೆ ಏಳು ತಿಂಗಳಂತೆ. ಮೆಟ್ಟಿಲ ಹತ್ತಿರ ರಾಗಿ ಮೈಮೇಲೆ ಹಾರಿದರೆ ಎಂಬ ಹೆದರಿಕೆ. ಮೊದಲೇ ಹೇಳಬಾರದಿತ್ತೇ ಎಂದುಕೊಂಡೆ, ಆಮೇಲೆ ನಾನು ಮೊದಲೇ ಕೇಳಿದ್ದೆನೇ ಎಂದು ನೆನಪಾಗಿ ಸುಮ್ಮನಾದೆ.

ಕರಾರಿನಲ್ಲಿ ಎರಡು ತಿಂಗಳ ನೋಟಿಸ್ ಇದೆ. ಅದನ್ನು ತೋರಿಸುವ ಅಗತ್ಯ ಬೀಳಲಿಲ್ಲ. ಉಳಿದ ನಾಲ್ಕು ತಿಂಗಳು ಇರುತ್ತೇವೆ, ನವೀಕರಣ ಇಲ್ಲ. ಮೆಟ್ಟಿಲಲ್ಲಿ ಸರಪಳಿ ಕಡ್ಡಾಯ. ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಬಿಟ್ಟು ಅಡ್ವಾನ್ಸ್ ಪೂರ್ತಿ ವಾಪಸ್. ಹಾಳೆಯ ಮೇಲೆ ಬರೆದು ಇಬ್ಬರೂ ಸಹಿ ಹಾಕಿದೆವು. ಬೊಗಳುವುದಕ್ಕೆ ಪರಿಹಾರ ಸಿಕ್ಕಿಲ್ಲ, ಹಾಲಿನವನನ್ನೇ ಆರೂವರೆಗೆ ಬರಲು ಹೇಳಿದ್ದೇವೆ.

ವಿಜಯನಗರ, ಬಸವೇಶ್ವರನಗರದ ಕಡೆ 18,000ದ ಒಳಗೆ ನೆಲಮಹಡಿಯ ಮನೆ ಇದ್ದರೆ ತಿಳಿಸಿ. ರೇಬಿಸ್ ಲಸಿಕೆಯ ಕಾರ್ಡ್ ಇದೆ.

ಕಪ್ಪು ಕೋಟು:
ಈ ಸಲ ಕರಾರಿನಲ್ಲಿ ನಾಯಿಯನ್ನೂ ಹೆಸರು ಸಮೇತ ಬರೆಸಿ.

ಮಹಡಿ ಮನೆ:
ಖಂಡಿತ ಸರ್. ಅಮ್ಮ ಆಗಲೇ ಕೇಳುತ್ತಿದ್ದಾರೆ, ರಾಗಿ ಬಿನ್ ಯಾರು ಎಂದು ಬರೆಸುವುದು ಅಂತ.