ನವೋದಯ ಪ್ರವೇಶ ಪರೀಕ್ಷೆಗೆ ಆನ್‌ಲೈನ್ ಅಭ್ಯಾಸ: ಯಾವುದನ್ನು ನೋಡಿ ಆ್ಯಪ್ ಆರಿಸಬೇಕು?

ಪ್ರಶ್ನೆ: ಐದನೇ ತರಗತಿಯ ಬಾಲಕಿಯ ತಂದೆ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ನಮ್ಮೂರಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದುತ್ತಿದ್ದಾಳೆ. ಜವಾಹರ್ ನವೋದಯ ವಿದ್ಯಾಲಯದ ಆರನೇ ತರಗತಿಗೆ ಅರ್ಜಿ ಹಾಕಿದ್ದೇವೆ. ಈ ಪರೀಕ್ಷೆಯನ್ನು ಎರಡನೆಯ ಸಲ ಬರೆಯಲು ಅವಕಾಶವಿಲ್ಲದ ಕಾರಣ ತಯಾರಿ ಸರಿಯಾಗಿ ಆಗಲಿ ಎಂಬ ಆಸೆ ನಮ್ಮದು. ಕೋಚಿಂಗ್‌ಗೆಂದು ದಿನವೂ ತಾಲ್ಲೂಕು ಕೇಂದ್ರಕ್ಕೆ ಬಸ್ಸಿನಲ್ಲಿ ಕಳಿಸಲು ಮನಸ್ಸಿಲ್ಲ. ಆನ್‌ಲೈನ್ ಅಭ್ಯಾಸದ ಆ್ಯಪ್‌ಗಳನ್ನು ನೋಡಿದರೆ ಪ್ರತಿಯೊಂದೂ ಸಾವಿರಾರು ಪ್ರಶ್ನೆಗಳಿವೆ ಎಂದು ಹೇಳುತ್ತದೆ ಮತ್ತು ಇಡೀ ವರ್ಷದ ಶುಲ್ಕವನ್ನು ಒಮ್ಮೆಗೇ ಕೇಳುತ್ತದೆ. ಮನೆಯಲ್ಲಿರುವುದು ಒಂದೇ ಫೋನ್, ಅದೂ ಸಂಜೆಯವರೆಗೆ ನನ್ನ ಬಳಿ ಇರುತ್ತದೆ. ಹಣ ಕಟ್ಟುವ ಮೊದಲು ಏನೇನು ಪರಿಶೀಲಿಸಬೇಕು? ಸೈನಿಕ ಶಾಲೆಯ ಪರೀಕ್ಷೆಗೂ ಅದೇ ಅಭ್ಯಾಸ ಸಾಕಾಗುತ್ತದೆಯೇ?

ಉತ್ತರ 1: ಪ್ರಾಥಮಿಕ ಶಾಲಾ ಶಿಕ್ಷಕಿ

ಸರ್, ಪ್ರಶ್ನೆಗಳ ಸಂಖ್ಯೆಯನ್ನು ಬದಿಗಿಟ್ಟು, ಆ್ಯಪ್‌ನಲ್ಲಿರುವ ಮಾದರಿ ಪರೀಕ್ಷೆ ನಿಜವಾದ ಪ್ರಶ್ನೆಪತ್ರಿಕೆಯಂತೆಯೇ ಇದೆಯೇ ಎಂಬುದನ್ನು ಮೊದಲು ನೋಡಿ. ನವೋದಯ ಪರೀಕ್ಷೆ ಎರಡು ಗಂಟೆಗಳದ್ದು. 80 ಪ್ರಶ್ನೆಗಳು, 100 ಅಂಕಗಳು. ಅದರಲ್ಲಿ ಮಾನಸಿಕ ಸಾಮರ್ಥ್ಯಕ್ಕೆ 40 ಪ್ರಶ್ನೆ, ಅಂಕಗಣಿತಕ್ಕೆ 20, ಭಾಷೆಗೆ 20. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಮೂರೂ ವಿಭಾಗಗಳಲ್ಲಿ ಪ್ರತ್ಯೇಕವಾಗಿ ಅರ್ಹತೆ ಪಡೆಯಬೇಕಾಗಿರುವುದರಿಂದ, ಗಣಿತವನ್ನೇ ತುಂಬಿಸಿ ಭಾಷೆಯ ಗದ್ಯಭಾಗಗಳನ್ನು ಹೆಸರಿಗಷ್ಟೇ ಇಟ್ಟಿರುವ ಆ್ಯಪ್ ನಿಮ್ಮ ಮಗಳಿಗೆ ಉಪಯೋಗಕ್ಕೆ ಬಾರದು.

ಮಾನಸಿಕ ಸಾಮರ್ಥ್ಯದ ಪ್ರಶ್ನೆಗಳೆಲ್ಲ ಚಿತ್ರಗಳೇ: ಗುಂಪಿಗೆ ಸೇರದ ಚಿತ್ರ, ಕನ್ನಡಿ ಬಿಂಬ, ಅಡಗಿರುವ ಆಕೃತಿ, ಮಡಚಿ ತೂತು ಮಾಡಿದ ಕಾಗದವನ್ನು ಬಿಡಿಸಿದರೆ ಹೇಗೆ ಕಾಣುತ್ತದೆ ಎಂಬಂಥವು. ಈ ಚಿತ್ರಗಳು ನಿಮ್ಮ ಫೋನಿನ ಪರದೆಯ ಮೇಲೆ ಸ್ಪಷ್ಟವಾಗಿ ಮೂಡುತ್ತವೆಯೇ ಎಂದು ಉಚಿತ ಪರೀಕ್ಷೆಯೊಂದನ್ನು ತೆರೆದು ನೋಡಿ. ಉತ್ತರ ತಪ್ಪಾದಾಗ "ಸರಿಯುತ್ತರ ಬಿ" ಎಂದಷ್ಟೇ ತೋರಿಸುವ ಆ್ಯಪ್‌ನಿಂದ ಮಗು ಏನನ್ನೂ ಕಲಿಯುವುದಿಲ್ಲ. ಏಕೆ ತಪ್ಪಾಯಿತು ಎಂಬುದನ್ನು ಹಂತಹಂತವಾಗಿ ಬಿಡಿಸಿ ಹೇಳಬೇಕು. ಕಾಗದದ ಪ್ರಶ್ನೆಯನ್ನಂತೂ ಮಗಳ ಕೈಗೆ ಹಾಳೆ ಕೊಟ್ಟು, ಮಡಚಿಸಿ, ಪೆನ್ಸಿಲ್ ತುದಿಯಿಂದ ತೂತು ಮಾಡಿಸಿ, ಬಿಡಿಸಿ ತೋರಿಸಿ. ಕೆಲವು ಸಲ ಹೀಗೆ ಮಾಡಿದ ಮಕ್ಕಳು ಆಮೇಲೆ ಹಾಳೆಯಿಲ್ಲದೆಯೇ ಉತ್ತರ ಹೇಳುವುದನ್ನು ನನ್ನ ತರಗತಿಯಲ್ಲಿ ಕಂಡಿದ್ದೇನೆ.

ಇನ್ನೊಂದು ಮುಖ್ಯ ವಿಷಯವೆಂದರೆ, ಪರೀಕ್ಷೆ ನಡೆಯುವುದು ಓಎಂಆರ್ ಹಾಳೆಯ ಮೇಲೆ, ಅಂದರೆ ಸರಿಯುತ್ತರದ ವೃತ್ತವನ್ನು ಪೆನ್ನಿನಿಂದ ತುಂಬುವ ಉತ್ತರ ಹಾಳೆಯ ಮೇಲೆ. ಪರದೆಯಲ್ಲಿ ಒತ್ತಿದ ಉತ್ತರವನ್ನು ಬದಲಾಯಿಸಬಹುದು, ಆದರೆ ಪೆನ್ನಿನಿಂದ ತುಂಬಿದ ವೃತ್ತವನ್ನು ಬದಲಾಯಿಸುವಂತಿಲ್ಲ. ಒಂದು ಪ್ರಶ್ನೆಯನ್ನು ಬಿಟ್ಟು ಮುಂದೆ ಹೋದ ಮಗು ಮುಂದಿನ ಉತ್ತರವನ್ನು ಬಿಟ್ಟ ಪ್ರಶ್ನೆಯ ಸಾಲಿನಲ್ಲೇ ತುಂಬಿದರೆ ಅಲ್ಲಿಂದಾಚೆಗೆ ಎಲ್ಲವೂ ತಪ್ಪುತ್ತಾ ಹೋಗುತ್ತದೆ. ಆದ್ದರಿಂದ ಪ್ರಶ್ನೆಪತ್ರಿಕೆ ಮತ್ತು ಓಎಂಆರ್ ಹಾಳೆಯನ್ನು ಪಿಡಿಎಫ್ ರೂಪದಲ್ಲಿ ಇಳಿಸಿಕೊಂಡು ಮುದ್ರಿಸಲು ಬಿಡುವ ಆ್ಯಪ್ ಆರಿಸಿ. ನಿಮ್ಮಂತೆ ಒಂದೇ ಫೋನ್ ಇರುವ ಮನೆಗೆ ಇದು ಇನ್ನೂ ಅನುಕೂಲ: ಹಗಲಿನಲ್ಲಿ ಅವಳು ಕಾಗದದ ಮೇಲೆ ಬರೆಯಲಿ, ಸಂಜೆ ನೀವು ಬಂದ ಮೇಲೆ ಇಬ್ಬರೂ ಕೂತು ವಿವರಣೆ ನೋಡಿ.

ಉತ್ತರ 2: ಇಬ್ಬರು ಮಕ್ಕಳ ತಾಯಿ

ಮೇಡಂ ಹೇಳಿದ್ದಕ್ಕೆ ಹಣದ ವಿಚಾರವನ್ನು ಸೇರಿಸುತ್ತೇನೆ. ಕೆಲವು ದಿನ ಉಚಿತ ಎಂದು ಹೇಳುವ ಆ್ಯಪ್‌ಗಳು ಆರಂಭದಲ್ಲೇ ಯುಪಿಐ ಆಟೋಪೇಗೆ (ಖಾತೆಯಿಂದ ಹಣ ತಾನಾಗಿಯೇ ಕಡಿತವಾಗುವ ವ್ಯವಸ್ಥೆ) ಒಪ್ಪಿಗೆ ಪಡೆದು, ಅವಧಿ ಮುಗಿದ ಕೂಡಲೇ ಶುಲ್ಕ ಕಡಿತ ಮಾಡುವುದುಂಟು. ಆ್ಯಪ್ ಅಳಿಸಿದ ಮಾತ್ರಕ್ಕೆ ಆ ಒಪ್ಪಿಗೆ ರದ್ದಾಗುವುದಿಲ್ಲ. ನೀವು ಹಣ ಕಳಿಸಲು ಬಳಸುವ ಯುಪಿಐ ಆ್ಯಪ್‌ನ ಆಟೋಪೇ ವಿಭಾಗಕ್ಕೇ ಹೋಗಿ ರದ್ದು ಮಾಡಬೇಕು. ಪರೀಕ್ಷೆಗೆ ಕೆಲವೇ ತಿಂಗಳು ಉಳಿದಿದ್ದರೆ ವರ್ಷದ ಶುಲ್ಕ ಕಟ್ಟುವ ಅಗತ್ಯವೇ ಇಲ್ಲ, ತಿಂಗಳ ಲೆಕ್ಕದಲ್ಲಿ ಕೊಡುತ್ತಾರೆಯೇ ಎಂದು ಕೇಳಿ. ಕನ್ನಡ ಆವೃತ್ತಿ ಇದೆ ಎಂಬ ಜಾಹೀರಾತನ್ನು ನಂಬಿ ಕೂರಬೇಡಿ. ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ಮತ್ತು ಭಿನ್ನರಾಶಿಯ ಕೆಲವು ಲೆಕ್ಕಗಳನ್ನು ತೆರೆದು, ಅವು ಶಾಲೆಯ ಪಠ್ಯಪುಸ್ತಕದ ಕನ್ನಡದಲ್ಲೇ ಇವೆಯೇ ಎಂದು ಮಗಳಿಂದಲೇ ಓದಿಸಿ ನೋಡಿ. ಓದುವಾಗ ಅವಳು ತಡವರಿಸಿದರೆ ಆ ಆ್ಯಪ್ ಬೇಡ.

ಉತ್ತರ 3: ಸೈನಿಕ ಶಾಲೆಯ ವಿದ್ಯಾರ್ಥಿಯ ತಂದೆ

ವಿಜಯಪುರ ಮತ್ತು ಕೊಡಗಿನ ಸೈನಿಕ ಶಾಲೆಗಳಿಗೆ ಬೇರೆಯೇ ಪರೀಕ್ಷೆ ಇದೆ. ಆರನೇ ತರಗತಿಗೆ 125 ಪ್ರಶ್ನೆ, 300 ಅಂಕ, 150 ನಿಮಿಷ. ಅದರಲ್ಲಿ ಗಣಿತವೊಂದಕ್ಕೇ 150 ಅಂಕಗಳಿವೆ. ನವೋದಯದಲ್ಲಿ ಇಲ್ಲದ ಸಾಮಾನ್ಯ ಜ್ಞಾನವೂ ಇದೆ. ಇದನ್ನೂ ಕನ್ನಡದಲ್ಲಿ ಬರೆಯಬಹುದು, ಹೆಣ್ಣುಮಕ್ಕಳಿಗೂ ಪ್ರವೇಶವಿದೆ. ಎರಡಕ್ಕೂ ಒಂದೇ ಪ್ಯಾಕೇಜ್ ಎಂದು ಮಾರುವವರಿದ್ದಾರೆ. ಎರಡೂ ಪರೀಕ್ಷೆಗಳ ಪೂರ್ಣ ಮಾದರಿ ಪತ್ರಿಕೆಗಳು ಪ್ರತ್ಯೇಕವಾಗಿ ಇದ್ದರೆ ಮಾತ್ರ ಪರಿಗಣಿಸಿ.

ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದಗಳು. ಈ ಭಾನುವಾರ ಎರಡು ಆ್ಯಪ್‌ಗಳ ಉಚಿತ ಪತ್ರಿಕೆಗಳನ್ನು ಮುದ್ರಿಸಿ ಮಗಳಿಂದ ಪೆನ್ನಿನಲ್ಲೇ ಬರೆಸುತ್ತೇನೆ. ಮೇಡಂ, ಓಎಂಆರ್ ವೃತ್ತ ತುಂಬುವುದಕ್ಕೇ ಅವಳಿಗೆ ಹೆಚ್ಚು ಸಮಯ ಹಿಡಿದರೆ ಏನು ಮಾಡಿಸಬೇಕು?

ಉತ್ತರ 1: ಪ್ರಾಥಮಿಕ ಶಾಲಾ ಶಿಕ್ಷಕಿ

ಮೊದಲ ವಾರ ಪ್ರಶ್ನೆಗಳಿಲ್ಲದೆ, ನೀವು ಸಂಖ್ಯೆ ಮತ್ತು ಅಕ್ಷರ ಹೇಳುತ್ತಾ ಹೋಗಿ, ಅವಳು ಬರೀ ವೃತ್ತ ತುಂಬಲಿ. ಪ್ರತಿ ಸಲ ತುಂಬುವ ಮೊದಲು ಪ್ರಶ್ನೆಯ ಸಂಖ್ಯೆಯನ್ನು ಮೆಲುದನಿಯಲ್ಲಿ ಹೇಳಿಕೊಳ್ಳುವಂತೆ ರೂಢಿ ಮಾಡಿಸಿ.